ಚೆನ್ನಕ್ಕನೊಳಗೆ ಬಂದ ನೀರು

ನಮ್ಮ ಚೆನ್ನಕ್ಕನ ಹೊಟ್ಟೆಯೊಳಗೆ ನೀರು ಬಂದಿದೆ ಎಂದು ಊರಿಗೆಲ್ಲ ಮೊದಲು ಡಂಗುರ ಸಾರಿದವಳು ಪಕ್ಕದ ಮನೆಯ ಸೇಸಿ. ಚೆನ್ನಕ್ಕ ಎಂದರೆ ನಮ್ಮ ಹಾಯಿದೋಣಿ. ನನ್ನ ಅತ್ತೆಯ ಹೆಸರನ್ನೇ ಅದಕ್ಕೆ ಇಟ್ಟದ್ದು. ಅತ್ತೆ ತೀರಿಹೋಗಿ ಎಷ್ಟೋ ವರ್ಷವಾದರೂ ಆ ಹೆಸರು ಹಿಡಿದು ಬೈಯುವ ಸುಖ ನನಗೆ ಉಳಿದುಕೊಂಡಿದೆ. ಸೇಸಿ ಬಂದು ವಿಚಾರಿಸಿದ ಚಂದ ನೋಡಬೇಕಿತ್ತು. "ಗುಲಾಬಕ್ಕಾ, ನಿಮ್ಮ ದೋಣಿ ನೀರು ಕುಡಿಯಿತಂತೆ, ಹೌದಾ? ಪಾಪ! ಅಲ್ಲ, ಬಲಬದಿಗೆ ಆ ಉದ್ದದ ಹಲಗೆ ಉಂಟಲ್ಲ, ಅದು ಹಲಸಿನದ್ದಾ, ಹೆಬ್ಬಲಸಿನದ್ದಾ?" ಪಾಪ ಎಂದ ಬಾಯಿ ಮುಚ್ಚುವ ಮೊದಲೇ ಹಲಗೆಯ ಜಾತಿ ಕೇಳುತ್ತಾಳೆ. ನಾನು "ನಿನ್ನ ತಲೆಯದ್ದು" ಎಂದು ಒಳಗೆ ಹೋದೆ.

ಅವಳು ಕೇಳಿದ್ದರಲ್ಲಿ ಅರ್ಥವಿಲ್ಲದೆ ಇಲ್ಲ. ನಮ್ಮೂರಿನಲ್ಲಿ ಸಮುದ್ರ ಮೂರು ಸಲ ಒಳಹೊಕ್ಕ ದೋಣಿಯನ್ನು ಮತ್ತೆ ನೀರಿಗೆ ಇಳಿಸುವುದಿಲ್ಲ. ಮರಳಿನ ಮೇಲೆ ಎಳೆದು ಒಡೆದು, ಹಲಗೆಗಳನ್ನು ಮನೆಮನೆಗೆ ಹಂಚುತ್ತಾರೆ, ನೆಲ ಸರಿಮಾಡಿಕೊಳ್ಳಲಿ ಎಂದು. ಮಳೆಗಾಲದ ಬಾಗಿಲಲ್ಲಿ ಒಂದು ಒಳ್ಳೆಯ ಹಲಗೆ ಸಿಕ್ಕಿದರೆ ಬಂಗಾರ ಸಿಕ್ಕಿದ ಹಾಗೆ. ಮಳೆ ಏಳುವ ಮೊದಲು ಅಂಗಳದ ಮಣ್ಣು ಜುಮುಜುಮು ಎನ್ನುತ್ತದೆ, ಕೋಳಿಗಳು ಮೇಲಿನ ಗೂಡು ಹತ್ತುತ್ತವೆ, ಹೆಂಗಸರು ಸೀರೆ ಎತ್ತಿ ಕಟ್ಟಿ ಕಾಲಿನಡಿಗೆ ಅಗಲದ ಓಲೆತಟ್ಟೆ ಬಿಗಿದುಕೊಳ್ಳುತ್ತಾರೆ. ಆಮೇಲೆ ನೆಲದಿಂದ ಮೇಲಕ್ಕೆ ಸುರುವಾಗುತ್ತದೆ ನೋಡಿ ಮಳೆ, ಒಂದೇ ಸಮ. ನೆಲ ಬಿಗಿಯಾಗಿರುವ ಮನೆಯಲ್ಲಿ ಕಂಬಳಿ ಹೊದ್ದು ಮಲಗಬಹುದು. ಬಿರುಕಿರುವ ಮನೆಯಲ್ಲಿ ಒಲೆಯ ಬುಡದಿಂದಲೇ ಮಳೆ ಎದ್ದು, ಅನ್ನವನ್ನು ಗಂಜಿ ಮಾಡಿ, ಮಾಡಿನ ಸಂದಿನಿಂದ ಆಕಾಶಕ್ಕೆ ಹೋಗುತ್ತದೆ. ಮಾಡೆಂದರೆ ನಮ್ಮಲ್ಲಿ ಬಿಸಿಲಿಗೆ ಅಡ್ಡ ಹಾಕಿದ ನಾಲ್ಕು ತೆಂಗಿನ ಮಡಲು, ನಡುವೆ ಧಾರಾಳ ಸಂದು. ಹೋಗುವ ಮಳೆಗೆ ದಾರಿ ಬಿಡಬೇಕು ಎಂದು ಹಿರಿಯರು ಹೇಳಿದ್ದರು, ನಾವು ಬಿಟ್ಟಿದ್ದೆವು.

ಚೆನ್ನಕ್ಕನಿಗೆ ಆ ವರ್ಷವೇ ಹೊಸ ಹಾಯಿ ಏರಿಸಿದ್ದೆವು. ನಮ್ಮವರು ಜನ್ಮದಲ್ಲಿ ಮಾಡಿದ ಒಂದೇ ಒಂದು ಶೋಕಿ ಅದು. ಊರಿನ ಉಳಿದ ದೋಣಿಗಳಿಗೆಲ್ಲ ನಾವೇ ನೇಯ್ದ ಜಾಳುಜಾಳು ಹಾಯಿ. ಇವರು ಹೊರಗಿನ ವ್ಯಾಪಾರಿಯ ಹತ್ತಿರ ದಪ್ಪದ ಬಟ್ಟೆ ಕೊಂಡು, ಎಣ್ಣೆ ಉಜ್ಜಿ, ಒಂದು ನೂಲಿನಷ್ಟೂ ಸಂದಿಲ್ಲದ ಹಾಯಿ ಹೊಲಿಸಿದರು. ಗಾಳಿ ಹಿಡಿದರೆ ದೋಣಿ ಕುದುರೆಯ ಹಾಗೆ ಓಡುತ್ತಿತ್ತು. ದಡದಲ್ಲಿ ನಿಂತವರೆಲ್ಲ ಬಾಯಿ ಬಿಟ್ಟು ನೋಡಿದರು, ಸೇಸಿಯೂ ನೋಡಿದಳು. ಅದರ ನಂತರದ ಮೊದಲ ಮಳೆಗೇ ದೋಣಿಯೊಳಗೆ ಮೊಣಕಾಲಿನವರೆಗೆ ನೀರು. ಹಿಡಿದ ಮೀನನ್ನೆಲ್ಲ ಸಮುದ್ರಕ್ಕೆ ಚೆಲ್ಲಿ, ನೀರು ಮೊಗೆದು ಮೊಗೆದು ಕೈ ಸೋತು ದಡ ಸೇರಿದರು. ಅವಳ ದೃಷ್ಟಿಯೇ ತಾಗಿತು ಎಂದು ನಾನು ಮೆಣಸು ಸುಳಿದು ಒಲೆಗೆ ಹಾಕಿದೆ. ಘಾಟು ಮಾತ್ರ ಬಂತು, ಪ್ರಯೋಜನ ಬರಲಿಲ್ಲ.

ದೋಣಿ ಕಟ್ಟಿದ ವಾಮನ ಆಚಾರ್ಯರು ತಾವೇ ಬಂದರು. ಅವರಿಗೆ ತಮ್ಮ ಕೈಕೆಲಸದ ಮೇಲೆ ಎಷ್ಟು ಅಭಿಮಾನವೆಂದರೆ, ಯಾರಾದರೂ ಅವರು ಮಾಡಿದ ಮಣೆಯ ಮೇಲೆ ಕೂತು ಅಲುಗಾಡಿದರೆ ನೆಲ ಸರಿಯಿಲ್ಲ ಎನ್ನುತ್ತಾರೆ. ದೋಣಿಯನ್ನು ಮರಳಿಗೆ ಎಳೆಸಿ, ಒಂದೊಂದು ಸಂದಿಗೂ ಉಳಿ ತಾಗಿಸಿ, ಹಳೆಯ ಹತ್ತಿ ಕಿತ್ತು ಹೊಸ ಹತ್ತಿ ತುರುಕಿ ರಾಳ ಬಳಿದರು. ಆಮೇಲೆ ದೋಣಿಯೊಳಗೆ ತುಂಬ ನೀರು ಹೊಯ್ಸಿ, ಕೆಳಗೆ ಮಲಗಿ ನೋಡಿದರು. ಹೊರಗೆ ಒಂದು ಹನಿ ಜಿನುಗಲಿಲ್ಲ. "ಇದು ದೋಣಿ ಅಲ್ಲ ಗುಲಾಬಿ, ಇದು ಬೆಣ್ಣೆ ಇಡುವ ಭರಣಿ. ಧೈರ್ಯದಲ್ಲಿ ಕಳಿಸು," ಎಂದು ಬೆನ್ನಿನ ಮರಳು ಕೊಡವಿಕೊಂಡು ಎದ್ದರು. ಮಳೆಯಿಲ್ಲದ ದಿನಗಳಲ್ಲಿ ನಮ್ಮವರು ಹೋಗಿ ಬಂದರು. ತಳ ಒಣಗಿದ ಹಪ್ಪಳದ ಹಾಗಿತ್ತು. ಮತ್ತೊಂದು ಮಳೆ ಎದ್ದಿತು, ಮತ್ತೆ ನೀರು. ಈ ಸಲ ಸೊಂಟದವರೆಗೆ.

ಅಂದಮೇಲೆ ಎಲ್ಲರಿಗೂ ಖಾತ್ರಿಯಾಯಿತು. ಕಡಲಿನಿಂದ ಮಳೆ ಏಳುವಾಗ ದೋಣಿಯ ಅಡಿಗೆ ಬಡಿಯುತ್ತದೆ, ಆ ಹೊಡೆತಕ್ಕೆ ಎಲ್ಲೋ ಒಂದು ಸಂದು ಬಾಯಿ ಬಿಡುತ್ತದೆ, ಅಲ್ಲಿಂದ ಸಮುದ್ರ ನುಗ್ಗುತ್ತದೆ. ಆ ಸಂದು ದಡದಲ್ಲಿ ಕಾಣುವುದಿಲ್ಲ. ನಾನೂ ಹಾಗೆಯೇ ನಂಬಿದೆ. ನೀರು ಎಂದ ಮೇಲೆ ಅಡಿಯಿಂದಲ್ಲದೆ ಎಲ್ಲಿಂದ ಬರಬೇಕು?

ದೋಣಿಗಳ ಹಿರಿಯರು ಐತಪ್ಪ ಗುರಿಕಾರರು. ಅವರು ನಮ್ಮ ಮನೆಗೆ ಬಂದು, ಕೊಟ್ಟ ಬೆಲ್ಲ ನೀರು ಮುಟ್ಟದೆ ಕೂತರು. ಕೆಟ್ಟ ಮನುಷ್ಯರಲ್ಲ. ಅವರ ಸ್ವಂತ ತಮ್ಮ ಸೋರುವ ದೋಣಿಯಲ್ಲಿ ಹೋಗಿ ತಿರುಗಿ ಬಂದಿರಲಿಲ್ಲ, ಮೂರರ ಲೆಕ್ಕದಲ್ಲಿ ಅವರು ಗಟ್ಟಿಯಾಗಿ ನಿಲ್ಲುವುದು ಅದಕ್ಕೇ. "ಶೀನಾ, ಎರಡಾಯ್ತು. ಮೂರನೇದು ಆದ್ರೆ ನಾನೇ ಗರಗಸ ಹಿಡ್ಕೊಂಡು ಬರ್ಬೇಕಾಗ್ತದೆ. ಆಗ ನನ್ನನ್ನು ಬೈಬೇಡಿ," ಎಂದರು. ನಮ್ಮವರು ತಲೆ ತಗ್ಗಿಸಿ "ಆಯ್ತು" ಎಂದರು. ನಮ್ಮವರ ಬಾಯಲ್ಲಿ ಬರುವ ಮಾತೇ ಅದು. ಮದುವೆ ಮಾಡ್ತೇವೆ ಎಂದಾಗಲೂ "ಆಯ್ತು" ಎಂದವರು. ಯಾರ ಮಾತಿಗೂ ಬೇಡ ಎಂದದ್ದನ್ನು ನಾನು ಕಂಡವಳಲ್ಲ.

ಆ ಮಧ್ಯಾಹ್ನ ನಾನು ದಡಕ್ಕೆ ಹೋದರೆ ಸೇಸಿ ಚೆನ್ನಕ್ಕನ ಬಲಬದಿಯಲ್ಲಿ ನಿಂತು ಹಗ್ಗ ಹಿಡಿದು ಉದ್ದ ಅಳೆಯುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. "ಎಂಥ ಸೇಸಿ, ಹೆಣ ಬೀಳುವ ಮೊದಲೇ ಚಟ್ಟ ಕಟ್ಲಿಕ್ಕೆ ಬಂದಿದ್ದೀಯಾ?" ಎಂದೆ. ಅವಳೇನೂ ನಾಚಲಿಲ್ಲ. "ನನ್ನ ಒಲೆಯಡಿ ಬಿರುಕು ಬಂದು ನಾವು ಒದ್ದೆ ಅನ್ನ ತಿನ್ನುದು ನಿಮಗೆ ಗೊತ್ತುಂಟಾ? ಹೇಗೂ ಒಡೀತಾರೆ. ಬೇರೆಯವರಿಗೆ ಹೋಗುವ ಹಲಗೆ ನನಗೆ ಬರ್ಲಿ ಅಂತ," ಎಂದಳು. ನಾನು ಹಗ್ಗ ಕಿತ್ತು ಬಿಸಾಡಿದೆ. ಮನೆಗೆ ಬಂದು ಅತ್ತೆ. ಜೋರಾಗಿಯೇ ಅತ್ತೆ, ಯಾರು ಕೇಳಿದರೆ ನನಗೇನು?

ನಮ್ಮವರು ಜಗಲಿಯಲ್ಲಿ ಕೂತು ಮೆಲ್ಲಗೆ ಹೇಳಿದರು, "ಒಡೀಲಿ ಬಿಡು ಗುಲಾಬಿ. ನಾನು ಯಾರದ್ದಾದರೂ ದೋಣಿಗೆ ಕೂಲಿಗೆ ಹೋಗ್ತೇನೆ." ತಾಯಿಯ ಹೆಸರಿನ ದೋಣಿಯಲ್ಲಿ ಚುಕ್ಕಾಣಿ ಹಿಡಿದ ಮನುಷ್ಯ, ಈ ವಯಸ್ಸಿನಲ್ಲಿ ಇನ್ನೊಬ್ಬನ ದೋಣಿಯ ಮೂಲೆಯಲ್ಲಿ ಕೂತು ಬಲೆ ಬಿಡಿಸಬೇಕು, ಅವನು ಹೂಂ ಎಂದಾಗ ಏಳಬೇಕು, ಉಹೂಂ ಎಂದಾಗ ಕೂರಬೇಕು. ಇವರಾದರೋ ಅದಕ್ಕೂ ಆಯ್ತು ಎಂದಾರು. ನನಗೆ ಆಗುವುದಿಲ್ಲ.

ಆಗ ನನ್ನ ಕಣ್ಣು ರಂಗೋಲಿ ಪುಡಿಯ ಡಬ್ಬಿಯ ಮೇಲೆ ಬಿತ್ತು. ಮಳೆಗಾಲದ ಮೊದಲು ನಾವು ಹೆಂಗಸರು ನೆಲದ ಬಿರುಕು ಹುಡುಕುವುದು ಅದರಲ್ಲೇ. ಮನೆಯೊಳಗೆ ಇಡೀ ನೆಲಕ್ಕೆ ಗೆರೆ ಎಳೆದು ಇಡುತ್ತೇವೆ. ಮೊದಲ ಮಳೆ ಎದ್ದಾಗ ಎಲ್ಲಿ ಪುಡಿ ಬುಸ್ಸೆಂದು ಹಾರುತ್ತದೋ ಅಲ್ಲಿ ಬಿರುಕು. ಕೂದಲೆಳೆಯಷ್ಟು ಬಿರುಕಿದ್ದರೂ ಸಿಕ್ಕಿಬೀಳುತ್ತದೆ. ಮನೆಯ ನೆಲಕ್ಕೆ ಆಗುವುದು ದೋಣಿಯ ತಳಕ್ಕೆ ಯಾಕಾಗಬಾರದು? ಹೇಳಿದ ಕೂಡಲೇ ನಮ್ಮವರ ಮುಖ ಬಿಳಿಚಿತು. "ಮಳೆಯಲ್ಲೇ ಹೋಗ್ಬೇಕಾಗ್ತದೆ ಅಲ್ವಾ? ನೀರು ಬಂದರೆ ಅದೇ ಮೂರನೇದು." ಬಾರದಿದ್ದರೆ ಗೊತ್ತಾಗುವುದು ಹೇಗೆ? ಮಳೆಯಿಲ್ಲದ ದಿನ ಹೋಗಿ ಒಣಗಿದ ಪುಡಿ ನೋಡಿಕೊಂಡು ಬರುವುದರಲ್ಲಿ ಏನಿದೆ? ನನಗೂ ಹೆದರಿಕೆ ಇಲ್ಲದೆ ಇರಲಿಲ್ಲ. ಆದರೂ "ಸುಮ್ಮನೆ ಕೂತು ಒಡೆಸಿಕೊಳ್ಳುವ ಬದಲು ಹುಡುಕಿ ಒಡೆಸಿಕೊಳ್ಳುವಾ. ನಾನೂ ಬರ್ತೇನೆ" ಎಂದೆ. "ಆಯ್ತು" ಎಂದರು.

ಬೆಳಿಗ್ಗೆ ದೋಣಿಯ ತಳದ ಹಾಸುಹಲಗೆಗಳನ್ನು ಎತ್ತಿ, ಮೀನಿನ ಕೊಳೆಯನ್ನೆಲ್ಲ ತೆಂಗಿನ ಜುಂಗಿನಿಂದ ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿದೆ. ಒಂದೊಂದು ಸಂದಿನ ಮೇಲೂ ಪುಡಿಯ ಗೆರೆ ಎಳೆದೆ, ಮೂತಿಯಿಂದ ಚುಕ್ಕಾಣಿಯವರೆಗೆ. ಕೈ ತಡೆಯಲಿಲ್ಲ, ನಡುವೆ ಎರಡು ತಾವರೆಯನ್ನೂ ಬಿಡಿಸಿದೆ. ವಾಮನ ಆಚಾರ್ಯರು ಬಂದು ನೋಡಿ ಹಣೆ ಚಚ್ಚಿಕೊಂಡರು. "ದೋಣಿಗೆ ಸೀಮಂತವಾ ಮಾರಾಯ್ತಿ?" ಎಂದರು. ಆದರೂ ನಾವು ಹಾಸುಹಲಗೆಗಳನ್ನು ಮತ್ತೆ ಹಾಸಿದ ಮೇಲೆ, ತಾನೂ ಬರುತ್ತೇನೆ ಎಂದು ಹತ್ತಿದರು. ತನ್ನ ಕೈಕೆಲಸ ಎಲ್ಲಿ ಬಾಯಿ ಬಿಡುತ್ತದೆ ಎಂದು ಕಣ್ಣಾರೆ ನೋಡಬೇಕಂತೆ. ಊರಿನ ಅರ್ಧ ದೋಣಿಗಳನ್ನು ಕಟ್ಟಿದ ಆ ಮನುಷ್ಯ ಒಂದು ದಿನವೂ ಕಡಲಿಗೆ ಇಳಿದವರಲ್ಲ ಎಂಬುದು ದಡ ಬಿಟ್ಟು ಸ್ವಲ್ಪ ಹೊತ್ತಿಗೇ ತಿಳಿಯಿತು. ಅಂಚಿಗೆ ಬಗ್ಗಿ ಬೆಳಗಿನ ಗಂಜಿಯನ್ನೆಲ್ಲ ಮೀನಿಗೆ ಕೊಟ್ಟರು.

ದೂರ ಹೋದ ಮೇಲೆ ಕಡಲು ಜುಮುಜುಮು ಎಂದಿತು. ನಾನು ಅಲ್ಲಿಯವರೆಗೆ ಸಮುದ್ರದ ಮಳೆ ಕಂಡಿರಲಿಲ್ಲ. ಸುತ್ತಲೂ ನೀರಿನಿಂದ ನೀರು ಎದ್ದು, ಕಣ್ಣು ಹೋದಷ್ಟು ದೂರ ಬಿಳಿ ದಾರಗಳನ್ನು ನೆಟ್ಟಗೆ ಮೇಲಕ್ಕೆ ಎಳೆದ ಹಾಗೆ. ಹೆದರಿಕೆಯೂ ಆಯಿತು, ಚಂದವೂ ಕಂಡಿತು. ದೋಣಿಯ ಅಡಿಗೆ ಬಡಿಯುವ ಸದ್ದು ಮಾತ್ರ ಕೇಳಿ ತಡೆಯಲಾಗುತ್ತಿರಲಿಲ್ಲ. ಸಾವಿರ ಜನ ಕೆಳಗಿನಿಂದ ಬಾಗಿಲು ತಟ್ಟಿದ ಹಾಗೆ. ನಾನು ಅತ್ತೆಯನ್ನು ನೆನೆದು, "ಚೆನ್ನಕ್ಕಾ, ನನ್ನ ಮೇಲಿನ ಸಿಟ್ಟು ಮಗನ ಮೇಲೆ ತೀರಿಸ್ಬೇಡಿ" ಎಂದು ಮನಸ್ಸಿನಲ್ಲೇ ಕೈಮುಗಿದೆ.

ಸ್ವಲ್ಪ ಹೊತ್ತಿಗೆ ಹಾಸುಹಲಗೆಯ ಕೆಳಗೆ ಗಳಗಳ ಎಂದಿತು. ನೀರು! ನಮ್ಮವರ ಕೈಯಲ್ಲಿದ್ದ ಚುಕ್ಕಾಣಿಯನ್ನು ಆಚಾರ್ಯರಿಗೆ ಕೊಟ್ಟು, ನಾವಿಬ್ಬರೂ ಒಂದೊಂದೇ ಹಲಗೆ ಎತ್ತಿ ನೋಡಿದೆವು. ಮೂತಿಯ ಹತ್ತಿರದ ಗೆರೆ ಹಾರಿರಲಿಲ್ಲ. ಬಲಬದಿಯದ್ದು ಹಾರಿರಲಿಲ್ಲ, ಎಡಬದಿಯದ್ದೂ ಇಲ್ಲ. ಹಿಂದೆ ಚುಕ್ಕಾಣಿಯ ಬುಡದಲ್ಲಿ ನಾನು ಎಳೆದ ಗೆರೆ ಹಾಗೆಯೇ ಇತ್ತು. ಮೊದಲನೇ ತಾವರೆಯ ಒಂದು ಎಸಳೂ ಅಲುಗಿರಲಿಲ್ಲ. "ನಾನು ಹೇಳ್ಲಿಲ್ವಾ? ಭರಣಿ!" ಎಂದು ಆಚಾರ್ಯರು ಅಷ್ಟು ಸಂಕಟದಲ್ಲೂ ಕೂಗಿದರು. ಹಾಗಾದರೆ ಈ ನೀರು ಯಾರ ಮನೆಯದ್ದು?

ಕೊನೆಗೆ ಉಳಿದದ್ದು ಹಾಯಿಕಂಬದ ಬುಡ. ಕಂಬ ಮುಂದಿನ ಮುಚ್ಚುಹಲಗೆಯ ತೂತಿನಿಂದ ಇಳಿದು ತಳದಲ್ಲಿ ಊರಿಕೊಂಡಿರುವ ಆ ಕತ್ತಲೆ ಜಾಗ. ಅಲ್ಲಿಯ ಹಲಗೆ ಎತ್ತಿದರೆ ಎರಡನೇ ತಾವರೆ ಪೂರ್ತಿ ತೊಳೆದುಹೋಗಿದೆ! ಆದರೆ ಅಲ್ಲಿ ಸಂದೇ ಇಲ್ಲ, ಒಂದೇ ದಿಮ್ಮಿಯ ಇಡೀ ಮರ. ಪುಡಿ ಹಾರಿಯೂ ಇರಲಿಲ್ಲ; ಕಲಸಿ ಹರಿದುಹೋಗಿತ್ತು. ನಮ್ಮವರು ಅಂಚಿನಿಂದ ಹೊರಗೆ ಬಗ್ಗಿ ಕೈ ತೊಳೆದು, ಮತ್ತೆ ಬುಡದ ಹತ್ತಿರ ಬಂದು ಕೂತರು. ಅವರ ಮುಖಕ್ಕೆ ಕೆಳಗಿನಿಂದ ಬಡಿದಿದ್ದ ಮಳೆ ಗದ್ದದಲ್ಲಿ ಗುಂಪಾಗಿ ನಿಂತಿತ್ತು. ನೋಡುತ್ತಿದ್ದ ಹಾಗೆ ಅದರಿಂದ ಒಂದು ಹನಿ ಕಳಚಿ ಕೆಳಗೆ ಬಿತ್ತು, ಉಳಿದ ಪುಡಿಯಲ್ಲಿ ಸಣ್ಣ ಕುಳಿ ಮಾಡಿತು.

ಹುಟ್ಟಿದಾಗಿನಿಂದ ಗದ್ದ ಒರೆಸಿಕೊಂಡೇ ಬಂದ ಜನ ನಾವು. ಯಾಕೆ ಒರೆಸುತ್ತೇವೆ ಎಂದು ಯಾವನಾದರೂ ಒಂದು ದಿನ ಯೋಚಿಸಿದ್ದುಂಟಾ? ಮೇಲಕ್ಕೆ ಹೋಗುವ ಮಳೆಗೆ ಅಡ್ಡ ಏನಾದರೂ ಸಿಕ್ಕಿದರೆ ಅದು ನಿಲ್ಲುತ್ತದೆ, ನಿಂತದ್ದು ಕೆಳಗೆ ಬರುತ್ತದೆ! ನಾನು ಕಂಬಕ್ಕೆ ಕೈ ಹಚ್ಚಿದೆ. ನೀರು ಧಾರೆಯಾಗಿ ಇಳಿಯುತ್ತಿತ್ತು. ಕಣ್ಣು ಮೇಲೆತ್ತಿದೆ. ನಮ್ಮ ಹೊಸ ಹಾಯಿ, ಆ ಶೋಕಿಯ ಹಾಯಿ, ಅಷ್ಟಗಲ ಹೊಟ್ಟೆ ಬಿಟ್ಟುಕೊಂಡು ಏಳುವ ಮಳೆಯನ್ನೆಲ್ಲ ಹಿಡಿದು, ಮಡಿಕೆಯಲ್ಲಿ ಕೂಡಿಸಿ, ಕಂಬಕ್ಕೆ ಸುರಿಯುತ್ತಿತ್ತು. ಊರಿನ ಜಾಳು ಹಾಯಿಗಳಲ್ಲಿ ಮಳೆ ತೂರಿಕೊಂಡು ಹೋಗುತ್ತದೆ. ಇದರಲ್ಲಿ ಹೋಗಲಿಕ್ಕೆ ದಾರಿ ಎಲ್ಲಿ? ಮಳೆಯಲ್ಲಿ ಕಂಬ ಒದ್ದೆಯಾಗಿದೆ ಎಂದು ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ನಾನು ಕಂಬಕ್ಕೆ ಬೊಗಸೆ ಒಡ್ಡಿ ಕುಡಿದೆ. ಕಡಲಿನಿಂದ ಏಳುವ ಮಳೆ ಉಪ್ಪನ್ನು ಕೆಳಗೇ ಬಿಟ್ಟು ಏಳುತ್ತದೆ. ಎಳನೀರಿಗಿಂತ ತಂಪಾಗಿತ್ತು. "ರೀ, ಕುಡಿಯಿರಿ! ಕುಡಿಯಿರಿ ಮೊದಲು!" ಎಂದು ಕಿರುಚಿದೆ. ಕುಡಿದರು. ಆಮೇಲೆ ಕಂಬಕ್ಕೆ ಹಣೆ ಹಚ್ಚಿ ನಿಂತುಬಿಟ್ಟರು. ಅವರ ಭುಜ ನಡುಗುವುದು ಕಂಡು ನಾನು ಬೇರೆ ಕಡೆ ನೋಡಿದೆ.

ಅದೆಲ್ಲ ಸರಿ, ದಡಕ್ಕೆ ಬರುವಾಗ ದೋಣಿಯೊಳಗೆ ಮೊಣಕಾಲಿನವರೆಗೆ ನೀರಿತ್ತಲ್ಲ. ನಾನು ಬೇಕೆಂದೇ ಮೊಗೆಯಲು ಬಿಡಲಿಲ್ಲ. ಮರಳಿನ ಮೇಲೆ ಊರೇ ನೆರೆದಿತ್ತು. ಗುರಿಕಾರರು ದೂರದಿಂದಲೇ ದೋಣಿ ಎಷ್ಟು ತಗ್ಗಿದೆ ಎಂದು ನೋಡಿ ಮುಖ ತಿರುಗಿಸಿದರು. ಇಬ್ಬರು ಗರಗಸ ತಂದಿದ್ದರು. ಸೇಸಿ ಹಗ್ಗ ತಂದಿದ್ದಳು. "ಮೂರು," ಎಂದರು ಗುರಿಕಾರರು, ಆ ಮಾತು ಹೊರಡಿಸಲಿಕ್ಕೆ ಅವರಿಗೂ ಕಷ್ಟವಾದ ಹಾಗೆ. ನಾನು ತೆಂಗಿನ ಚಿಪ್ಪಿನಲ್ಲಿ ದೋಣಿಯ ನೀರು ಮೊಗೆದು, ಸೀದಾ ಅವರ ಮುಂದೆ ಹಿಡಿದೆ.

"ಸಮುದ್ರ ಮೂರು ಸಲ ಒಳಗೆ ಬಂದ್ರೆ ಅಲ್ವಾ ಒಡೆಯುದು? ಇದು ಸಮುದ್ರವಾ, ನೀವೇ ಹೇಳಿ."

"ಎಂಥದು ಗುಲಾಬಿ ಇದು, ಹುಚ್ಚು?"

"ಹುಚ್ಚೇ ಅಂತ ಇಟ್ಕೊಳ್ಳಿ. ಒಂದು ಗುಟುಕು."

ತೊಳೆದ ದೋಣಿಯಲ್ಲವೇ, ನೀರು ತಿಳಿಯಾಗಿತ್ತು, ಸ್ವಲ್ಪ ರಂಗೋಲಿ ಬೆರೆತದ್ದು ಬಿಟ್ಟರೆ. ಗುರಿಕಾರರು ನಾಲಿಗೆಗೆ ತಾಗಿಸಿದರು. ನನ್ನ ಮುಖ ನೋಡಿದರು. ಪೂರ್ತಿ ಕುಡಿದರು. ಚಿಪ್ಪನ್ನು ಮತ್ತೆ ಚಾಚಿ, ಎರಡನೆಯದ್ದನ್ನೂ ಕುಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ, ಆ ವಯಸ್ಸಿನಲ್ಲಿ ದೋಣಿ ಹತ್ತಿ, ಕಂಬವನ್ನು ಬುಡದಿಂದ ತುದಿಯವರೆಗೆ ಸವರಿ, ಕತ್ತೆತ್ತಿ ಹಾಯಿಯನ್ನೇ ನೋಡುತ್ತ ನಿಂತರು.  

"ಇದು ಸಮುದ್ರ ಅಲ್ಲ," ಎಂದರು.

"ಹಾಗಾದ್ರೆ ಮೊದಲಿನ ಎರಡು ಸಲ ಬಂದದ್ದು ಎಂಥದು?" ಎಂದು ಸೇಸಿ ಹಿಂದಿನಿಂದ ಕೂಗಿದಳು, ಹಲಗೆಯ ಆಸೆ ಬಿಡಬೇಕಲ್ಲ.

ಗುರಿಕಾರರು ಅವಳ ಕಡೆ ತಿರುಗಿದರು. "ಒಳ್ಳೆಯದು ಕೇಳಿದೆ. ಅದೂ ಇದೇ ನೀರು. ಚೆನ್ನಕ್ಕನ ಲೆಕ್ಕ ಇನ್ನೂ ಸುರುವೇ ಆಗ್ಲಿಲ್ಲ." ಜನ ಹೋ ಎಂದು ಕೂಗಿ ನಕ್ಕರು. ಗರಗಸದವರೂ ನಕ್ಕರು. ನಾನು ಮರಳಿನಲ್ಲಿ ಕುಸಿದು ಕೂತು, ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದೆ.

ಗುರಿಕಾರರು ಕೆಳಗಿಳಿದು, "ಆದರೆ ಶೀನಾ, ಸಿಹಿನೀರು ತುಂಬಿದರೂ ದೋಣಿ ಮುಳುಗ್ತದೆ. ಮುಚ್ಚು," ಎಂದರು. ವಾಮನ ಆಚಾರ್ಯರ ಮುಖಕ್ಕೆ ಬಣ್ಣ ಮರಳಿ ಬಂದಿತ್ತು. "ಎಂಥ ದೊಡ್ಡ ಕೆಲಸ ಅದು! ಕಂಬದ ಸುತ್ತ ಒಂದು ಬಳೆ ಹಾಕಿ, ತೂತಿಗೆ ರಾಳ ಸುರಿದರೆ ಸಂಜೆಯೊಳಗೆ ಮುಗೀತು," ಎಂದು ಉಳಿ ತೆಗೆದರು. ಎಲ್ಲರೂ ನಮ್ಮವರ ಕಡೆ ನೋಡಿದರು, ಆಯ್ತು ಎನ್ನಲಿ ಎಂದು. ನಾನೂ ನೋಡಿದೆ.

"ಬೇಡ," ಎಂದರು ನಮ್ಮವರು.

ನಾನು ತಪ್ಪಿ ಕೇಳಿಸಿಕೊಂಡೆನೋ ಎಂದುಕೊಂಡೆ. ಆದರೆ ಅವರು ಆಚಾರ್ಯರ ಕೈ ಹಿಡಿದು ತಡೆದೇ ಹೇಳಿದರು. "ಮುಚ್ಚುದು ಬೇಡ. ನಾವು ಹಿಂದೆ ತಿರುಗುದು ಯಾಕೆ? ಮೀನು ಮುಗಿದು ಅಲ್ಲ, ಕೊಡದಲ್ಲಿ ಕುಡಿಯುವ ನೀರು ಮುಗಿದು. ದೊಡ್ಡ ಮೀನು ಅಲ್ಲಿಂದ ಆಚೆ ಉಂಟು ಅಂತ ಗೊತ್ತಿದ್ದೂ ತಿರುಗಿ ಬರ್ತೇವೆ. ಬಳೆ ಹಾಕಿ ಆಚಾರ್ಯರೇ, ಆದರೆ ಅದಕ್ಕೊಂದು ಮೂತಿ ಇಡಿ. ಕೆಳಗೆ ನಾನು ಕೊಡ ಇಡ್ತೇನೆ." ಮದುವೆಯಾದಂದಿನಿಂದ ಅಷ್ಟು ಮಾತನ್ನು ಅವರು ಒಟ್ಟಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ. ಗುರಿಕಾರರು ಕಡಲಿನ ಕಡೆ ನೋಡಿದರು. ಅವರೂ ಪ್ರಾಯದಲ್ಲಿ ಅಲ್ಲಿಂದಲೇ ತಿರುಗಿ ಬಂದವರು.

ಆಚಾರ್ಯರು ಹಿತ್ತಾಳೆಯ ಹಾಗೆ ಹೊಳೆಯುವ ಮರದ ಬಳೆ ಮಾಡಿ, ಗಿಳಿಯ ಕೊಕ್ಕಿನಂಥ ಮೂತಿ ಇಟ್ಟರು. ಉಳಿದ ದೋಣಿಗಳ ಜೊತೆ ಚೆನ್ನಕ್ಕನೂ ಹೊರಟಿತು. ಮಳೆ ಚೆನ್ನಾಗಿ ಎದ್ದಿತು. ಕೊಡ ಬರಿದಾಗುವ ಹೊತ್ತಿಗೆ ಎಂದಿನ ಹಾಗೆ ಒಂದೊಂದೇ ಹಾಯಿ ಕಾಣಿಸಿತು, ಒಂದೊಂದೇ ದೋಣಿ ಮರಳು ಹತ್ತಿತು. ಬಲೆ ಬಿಡಿಸುವವರು ಬಿಡಿಸಿದರು, ಬುಟ್ಟಿ ಹೊತ್ತವರು ಹೊತ್ತರು. ನಮ್ಮದೊಂದು ಬರಲಿಲ್ಲ. ಸೇಸಿ ನನ್ನ ಪಕ್ಕದಲ್ಲಿ ಬಂದು ನಿಂತಳು. ಈ ಸಲ ಕೈಯಲ್ಲಿ ಹಗ್ಗ ಇರಲಿಲ್ಲ, ಮುಖದಲ್ಲಿ ನಿಜವಾದ ಗಾಬರಿಯೇ ಇತ್ತು.

"ಗುಲಾಬಕ್ಕಾ, ಎಲ್ಲರೂ ಬಂದ್ರು. ನಿಮ್ಮವರು ಇನ್ನೂ ಬರ್ಲಿಲ್ಲ ಅಲ್ಲಾ?"

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಆಚೆಯ ಬರಿದಾದ ಕಡಲನ್ನು ಒಮ್ಮೆ ತೃಪ್ತಿಯಾಗುವಷ್ಟು ನೋಡಿದೆ.

"ಅವರಿಗೆಂಥ ಅವಸರ ಸೇಸಿ," ಎಂದೆ, "ದೋಣಿಯಲ್ಲಿ ನೀರುಂಟು."